ರಬ್ಬರ್ ಪಟ್ಟಿಯಿಂದ ಮೂಳೆ ನೇರವಾದೀತೆ?

ನೆಟ್ಟಗೆ ನಿಂತಾಗ ಕೆಲವರ ಮಂಡಿಗಳು ಒಂದಕ್ಕೊಂದು ತಾಗುತ್ತವೆ. ಪಾದಗಳು ಮಾತ್ರ ದೂರವೇ ಉಳಿಯುತ್ತವೆ. ಇದಕ್ಕೆ ‘ನಾಕ್ ನೀ’ ಎಂದು ಹೆಸರು. ರಬ್ಬರ್ ಪಟ್ಟಿ ಕಟ್ಟಿ ವ್ಯಾಯಾಮ ಮಾಡಿದರೆ ಕಾಲು ನೇರವಾಗುತ್ತದೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಹುಟ್ಟಿದ ಮಗುವಿನ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತದೆ. ಸುಮಾರು ಎರಡು ವರ್ಷಕ್ಕೆ ನೇರವಾಗಿ, ಆಮೇಲೆ ಮಂಡಿಗಳು ಒಳಕ್ಕೆ ವಾಲುತ್ತವೆ. 3-4ನೇ ವಯಸ್ಸಿನಲ್ಲಿ ಈ ವಾಲುವಿಕೆ ಅತಿ ಹೆಚ್ಚು. 7-8 ವರ್ಷದ ವೇಳೆಗೆ ಬಹುಪಾಲು ಮಕ್ಕಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಇವರಿಗೆ ಪಟ್ಟಿಯೂ ಬೇಡ, ವಿಶೇಷ ಬೂಟೂ ಬೇಡ.

ಆದರೆ ಒಂದೇ ಕಾಲು ವಾಲಿದ್ದರೆ, ನೋವಿದ್ದರೆ, ಎಂಟು ವರ್ಷದ ನಂತರವೂ ಹೆಚ್ಚುತ್ತಿದ್ದರೆ, ಮಂಡಿ ತಾಗಿಸಿ ನಿಂತಾಗ ಎರಡು ಕಣಕಾಲುಗಳ ನಡುವೆ 8 ಸೆಂ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು. ‘ಡಿ’ ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್ ಕಾರಣವಾಗಿರಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ ಪ್ರದೇಶಗಳ ಮಕ್ಕಳಲ್ಲೂ ಮಂಡಿ ಹೀಗೆ ವಾಲುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ವರದಿ ಮಾಡಿದ್ದರು.

ಇಲ್ಲಿ ಕಾಲಾವಧಿ ಮುಖ್ಯ. ಮಂಡಿಯ ಬಳಿ ಮೂಳೆ ಬೆಳೆಯುವ ಪದರವಿದೆ. ಅದರ ಒಳಬದಿಗೆ ಪುಟ್ಟ ಲೋಹದ ಪಟ್ಟಿಯನ್ನು ಜೋಡಿಸಿದರೆ ಆ ಬದಿಯ ಬೆಳವಣಿಗೆಗೆ ತಡೆ ಬಿದ್ದು, ಹೊರಬದಿ ಬೆಳೆಯುತ್ತಾ ಕಾಲು ಕ್ರಮೇಣ ನೇರವಾಗುತ್ತದೆ. ಬೆಳವಣಿಗೆ ನಿಂತ ಮೇಲೆ ಈ ಅವಕಾಶವಿಲ್ಲ. ಮೂಳೆಯನ್ನೇ ಕತ್ತರಿಸಿ ಕೂಡಿಸಬೇಕಾಗುತ್ತದೆ. ರಬ್ಬರ್ ಪಟ್ಟಿಯನ್ನೇ ನಂಬಿ ವರ್ಷಗಳನ್ನು ಕಳೆದರೆ ಆಗುವ ನಷ್ಟ ಇದೇ.

ಹಾಗಾದರೆ ಪಟ್ಟಿ ನಿಷ್ಪ್ರಯೋಜಕವೆ? ಅಲ್ಲ. ಸೊಂಟದ ಪಕ್ಕದ ಸ್ನಾಯು ದುರ್ಬಲವಾದರೆ ಮೆಟ್ಟಿಲಿಳಿಯುವಾಗ, ಕುರ್ಚಿಯಿಂದ ಏಳುವಾಗ ತೊಡೆ ಒಳಕ್ಕೆ ತಿರುಗಿ ಮಂಡಿ ಇನ್ನಷ್ಟು ವಾಲುತ್ತದೆ. ಆ ಸ್ನಾಯುವನ್ನು ಬಲಪಡಿಸಲು ಪಟ್ಟಿ ಉಪಯುಕ್ತ. ರಬ್ಬರನ್ನು ಹಿಗ್ಗಿಸಿದಷ್ಟೂ ಅದರ ಸೆಳೆತ ಹೆಚ್ಚುತ್ತದೆ. ಸ್ನಾಯುವಿನ ದುಡಿಮೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಪಟ್ಟಿಯನ್ನು ಮಂಡಿಗಳ ತುಸು ಮೇಲೆ, ತೊಡೆಗಳ ಸುತ್ತ ಹಾಕಿ, ಮಂಡಿ ಮಡಚಿ ಮಗ್ಗುಲಾಗಿ ಮಲಗಿ. ಹಿಮ್ಮಡಿಗಳು ಕೂಡಿರಲಿ. ಸೊಂಟವನ್ನು ಹಿಂದಕ್ಕೆ ಹೊರಳಿಸದೆ ಮೇಲಿನ ಮಂಡಿಯನ್ನು ಎತ್ತಿ, ನಿಧಾನವಾಗಿ ಇಳಿಸಿ. ಹತ್ತು ಸಲ ಮಾಡಿ, ಮಗ್ಗುಲು ಬದಲಿಸಿ. ಸಡಿಲ ಪಟ್ಟಿಯಿಂದಲೇ ಆರಂಭಿಸಿ, ನೋವಾದರೆ ನಿಲ್ಲಿಸಿ.

ಕೆಲವು ವಾರಗಳ ಅಭ್ಯಾಸದಿಂದ ನಡಿಗೆ ಹದವಾಗಬಹುದು, ಮಂಡಿನೋವು ತಗ್ಗಬಹುದು. ಬಾಗಿದ ಮೂಳೆ ಮಾತ್ರ ಬಾಗಿದಂತೆಯೇ ಇರುತ್ತದೆ.