ನೋವಿನ ಮಾತ್ರೆಗೆ ಮುನ್ನ ಮನೆತನದ ವಿಚಾರ
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ನಾಗರಿಕರ ಮತ್ತು ವೈದ್ಯರ ಗಮನಕ್ಕೆ

ಶಸ್ತ್ರಚಿಕಿತ್ಸೆಯ ಅನಂತರ, ಹೆದ್ದಾರಿ ಅಪಘಾತದಲ್ಲಿ ಮೂಳೆ ಮುರಿದಾಗ ಅಥವಾ ಕ್ಯಾನ್ಸರಿನ ನೋವು ತಡೆಯಲಾಗದಷ್ಟು ಹೆಚ್ಚಿದಾಗ ಕೊಡುವ ಟ್ರಮಡಾಲ್, ಮಾರ್ಫಿನ್ ಮೊದಲಾದವುಗಳನ್ನು ಓಪಿಯಾಯ್ಡ್ ಔಷಧಗಳು, ಅಂದರೆ ಅಫೀಮಿನಿಂದ ಬಂದ ಅಥವಾ ಅಫೀಮಿನಂತೆಯೇ ಮಿದುಳು ಮತ್ತು ನರಗಳ ಮೇಲೆ ಕೆಲಸ ಮಾಡುವ ನೋವುನಿವಾರಕಗಳು ಎನ್ನುತ್ತಾರೆ. ಒಬ್ಬರ ನೋವನ್ನು ಇಳಿಸುವ ಪ್ರಮಾಣವೇ ಇನ್ನೊಬ್ಬರಿಗೆ ನಾಟದೆ, ಮತ್ತೊಬ್ಬರಲ್ಲಿ ವಾಂತಿ, ಅತಿಯಾದ ಮಂಪರು, ಉಸಿರಾಟದ ಕುಗ್ಗುವಿಕೆಯನ್ನು ತರುವುದಕ್ಕೆ ವಯಸ್ಸು ಮತ್ತು ಮೂತ್ರಪಿಂಡದ ಸ್ಥಿತಿಯಲ್ಲದೆ ತಂದೆತಾಯಿಯಿಂದ ಬಂದ ವಂಶವಾಹಿಗಳೂ ಕಾರಣ. ಆದುದರಿಂದ ಕುಟುಂಬದವರಿಗೆ ಯಾವ ಔಷಧ ಒಗ್ಗಲಿಲ್ಲವೆಂದು ಕೇಳಿ ಬರೆದಿಡುವುದು ಚಿಕಿತ್ಸೆಯ ಅಂಗವೇ ಆಗಬೇಕು.

ಕೊಡೀನ್ ಎಂಬ ಔಷಧ ಯಕೃತ್ತಿನಲ್ಲಿ ಮಾರ್ಫಿನ್ನಾಗಿ ಮಾರ್ಪಟ್ಟ ಮೇಲೆಯೇ ನೋವನ್ನು ಶಮನಗೊಳಿಸುತ್ತದೆ. ಟ್ರಮಡಾಲ್ ಕೂಡ ಬಹುಮಟ್ಟಿಗೆ ಇಂಥದೇ ಮಾರ್ಪಾಟನ್ನು ಅವಲಂಬಿಸಿದೆ. ಈ ಕೆಲಸವನ್ನು ಸಿವೈಪಿ2ಡಿ6 ಎಂಬ ಕಿಣ್ವ ಮಾಡುತ್ತದೆ. ಕಿಣ್ವವೆಂದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್. ಇದರ ವಂಶವಾಹಿಯ ಎರಡೂ ಪ್ರತಿಗಳು ಕೆಲಸ ಮಾಡದವರಿಗೆ ಕೊಡೀನ್‌ನಿಂದ ಉಪಶಮನವಾಗುವುದಿಲ್ಲ. ಕೆಲಸ ಮಾಡುವ ಪ್ರತಿಗಳು ಎರಡಕ್ಕಿಂತ ಹೆಚ್ಚಿದ್ದವರಲ್ಲಿ ಮಾರ್ಫಿನ್ ವೇಗವಾಗಿ ತಯಾರಾಗಿ ಸಾಮಾನ್ಯ ಪ್ರಮಾಣವೇ ವಿಷವಾಗಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್, ಟ್ರಮಡಾಲ್ ಎರಡನ್ನೂ ಕೊಡಬಾರದೆಂದೂ, ಹಾಲುಣಿಸುವ ತಾಯಂದಿರು ಇವನ್ನು ಸೇವಿಸಬಾರದೆಂದೂ ಎಚ್ಚರಿಸಿದ್ದು ಇದೇ ಅಪಾಯವನ್ನು ಮನಗಂಡು.

ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ಈ ಸೀಮೆಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಏಕೆಂದರೆ ಅಂಥ ಮದುವೆಯ ಮಕ್ಕಳಿಗೆ ಒಬ್ಬರೇ ಪೂರ್ವಜರ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬರುವ ಸಂಭವ ಹೆಚ್ಚು. ಕೇಳಿ ತಿಳಿಯುವುದರಿಂದ ಜೀವ ಉಳಿಯುತ್ತದೆಂಬುದಕ್ಕೆ ನಿದರ್ಶನವೂ ಹತ್ತಿರದಲ್ಲೇ ಇದೆ. ಅರಿವಳಿಕೆಯ ವೇಳೆ ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ವಿಭಜಿಸುವ ಕಿಣ್ವದ ಕೊರತೆಯು ದಕ್ಷಿಣ ಭಾರತದ ಆರ್ಯವೈಶ್ಯ ಕುಟುಂಬಗಳಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬರುವುದನ್ನು ಬಲ್ಲ ಅರಿವಳಿಕೆ ತಜ್ಞರು ಮೊದಲೇ ವಿಚಾರಿಸಿ ಬೇರೆ ಔಷಧವನ್ನು ಆರಿಸಿಕೊಳ್ಳುತ್ತಾರೆ. ಇದು ಯಾವ ಕುಲಕ್ಕೂ ಕುಂದಲ್ಲ. ಪ್ರತಿಯೊಂದು ಮನೆತನವೂ ಇಂಥ ಯಾವುದಾದರೊಂದು ವಿಶೇಷವನ್ನು ಹೊತ್ತೇ ಬಂದಿರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 10,000 ಭಾರತೀಯರ ಸಂಪೂರ್ಣ ವಂಶವಾಹಿ ಮಾಹಿತಿ ಸಂಗ್ರಹವಾಗಿದೆ. ಆ ಜ್ಞಾನ ತಾಲ್ಲೂಕು ಆಸ್ಪತ್ರೆಗೆ ಇಳಿದುಬರುವವರೆಗೂ ಖರ್ಚಿಲ್ಲದ ಈ ಕ್ರಮಗಳು ಜಾರಿಗೆ ಬರಬೇಕು:

1. ಓಪಿಯಾಯ್ಡ್ ಕೊಡುವ ಮುನ್ನ ರೋಗಿಗೂ ರಕ್ತಸಂಬಂಧಿಗಳಿಗೂ ಹಿಂದೆ ಆದ ತೊಂದರೆಯನ್ನು ವೈದ್ಯರು ವಿಚಾರಿಸಬೇಕು.
2. ತೊಂದರೆ ಕೊಟ್ಟ ಔಷಧದ ಹೆಸರು ಮತ್ತು ಪ್ರಮಾಣವನ್ನು ಬಿಡುಗಡೆ ಚೀಟಿಯಲ್ಲಿ ರೋಗಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆಯಬೇಕು.
3. ಅಡ್ಡಪರಿಣಾಮಗಳನ್ನು 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ವರದಿ ಮಾಡಬೇಕು.
4. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಮನೆಯ ಇನ್ನೊಬ್ಬರಿಗೆ ಕೊಡಬಾರದು.

ಈ ಎಚ್ಚರಿಕೆಯು ಭಯವಾಗಿ ಬೆಳೆದು, ಕ್ಯಾನ್ಸರಿನಿಂದ ನರಳುವವರಿಗೆ ಮಾರ್ಫಿನ್ ನಿರಾಕರಿಸುವಂತಾದರೆ ಅದು ಇನ್ನೂ ದೊಡ್ಡ ಅನ್ಯಾಯ. ವೈದ್ಯರು ಪ್ರಮಾಣವನ್ನು ಅಳೆದು ಕೊಟ್ಟಾಗ ಮಾರ್ಫಿನ್ ಸುರಕ್ಷಿತ ಔಷಧವೇ ಆಗಿದ್ದು, ಅದರಿಂದಾಗುವ ಮಲಬದ್ಧತೆ, ವಾಕರಿಕೆಗಳಿಗೆ ಪರಿಹಾರವೂ ಇದೆ. ಹೊಲಮನೆಯ ಪತ್ರಗಳನ್ನು ಜೋಪಾನವಾಗಿಡುವ ಪ್ರತಿಯೊಂದು ಮನೆಯೂ ಔಷಧದ ಚೀಟಿಯನ್ನು ಅದೇ ಪೆಟ್ಟಿಗೆಯಲ್ಲಿಡಲಿ. ಅದೂ ಮಕ್ಕಳಿಗೆ ಬರುವ ಪಿತ್ರಾರ್ಜಿತವೇ.