ಹೆಬ್ಬೆಟ್ಟಿನ ಬೆಲೆ

ಯಳಂದೂರಿನ ಆಸುಪಾಸಿನ ಹಳ್ಳಿಯೊಂದರಿಂದ ಭಾನುವಾರದ ಬಲಿಪೂಜೆಗೆ ತಪ್ಪದೆ ಬರುವ ವೃದ್ಧ ತಾಯಿಯೊಬ್ಬರು, ಪೂಜೆ ಮುಗಿದ ಬಳಿಕ ತಮ್ಮ ಪಡಿತರ ಚೀಟಿಯನ್ನು ನಮ್ಮ ಮುಂದೆ ಹಿಡಿದು ಪ್ರಶ್ನೆಯೊಂದನ್ನು ಕೇಳಿದರು. ಹೆಬ್ಬೆಟ್ಟು ಒತ್ತಿ ಹದಿನೈದು ದಿನಗಳಾದವು, ದಾಸ್ತಾನು ಬಂದಿಲ್ಲ, ನಾಳೆ ಬನ್ನಿ ಎನ್ನುತ್ತಲೇ ಇದ್ದಾರೆ; ಹಾಗಾದರೆ ಒತ್ತಿದ ಮೇಲೆ ಆ ಅಕ್ಕಿ ಯಾರದು? ಉತ್ತರ ಹೇಳಲು ನಾವು ಸಂಕೋಚಪಟ್ಟೆವು. ಏಕೆಂದರೆ ಯಂತ್ರದ ಲೆಕ್ಕದಲ್ಲಿ ಆ ತಾಯಿ ಅಕ್ಕಿಯನ್ನು ಅಂದೇ ಪಡೆದಾಗಿತ್ತು.

ನಮ್ಮ ಜಿಲ್ಲೆಯು ಮೈಸೂರಿನಿಂದ ಬೇರ್ಪಟ್ಟ 1997ರಲ್ಲಿಯೇ, ಬಡತನದ ರೇಖೆಗಿಂತ ಕೆಳಗಿನವರನ್ನು ಗುರುತಿಸಿ ಪಡಿತರ ನೀಡುವ ವ್ಯವಸ್ಥೆಯೂ ದೇಶದಲ್ಲಿ ಆರಂಭವಾಯಿತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಬಂದಿತು. ಅದೇ ವರ್ಷ ನಮ್ಮ ರಾಜ್ಯದ ಅನ್ನಭಾಗ್ಯವೂ ಬಂದಿತು. ಆ ಕಾಯಿದೆಯ ಒಂದು ಮಾತನ್ನು ನಮ್ಮ ಕುಟುಂಬಗಳು ಮರೆತಂತಿವೆ. ಹದಿನೆಂಟು ವರ್ಷ ತುಂಬಿದ ಹಿರಿಯ ಮಹಿಳೆಯೇ ಪಡಿತರ ಚೀಟಿಯ ಮಟ್ಟಿಗೆ ಮನೆಯ ಯಜಮಾನಿ. ಆದರೆ ಎಷ್ಟು ಮನೆಗಳಲ್ಲಿ ಆ ಚೀಟಿ ಯಜಮಾನಿಯ ಪೆಟ್ಟಿಗೆಯಲ್ಲಿದೆ? ಒಂದು ಮನೆಯದು ಸಾಲ ಕೊಟ್ಟವನ ಬಳಿ ಅಡವಾಗಿದೆ, ಇನ್ನೊಂದು ಮನೆಯದು ತಿದ್ದುಪಡಿ ಮಾಡಿಸಿಕೊಡುವೆನೆಂದು ಹಣ ಪಡೆದ ಮಧ್ಯವರ್ತಿಯ ಜೇಬಿನಲ್ಲಿದೆ. ಚೀಟಿಯನ್ನು ಅಡವಿಡುವುದೂ ಇಡಿಸಿಕೊಳ್ಳುವುದೂ ತಪ್ಪೆಂಬುದು ಇಬ್ಬರಿಗೂ ತಿಳಿದಿದೆ. ಆದ್ದರಿಂದಲೇ ಇಬ್ಬರೂ ಬಾಯಿ ಬಿಡುವುದಿಲ್ಲ.

ಚೀಟಿಗಿಂತ ಇಂದು ಹೆಚ್ಚು ಬೆಲೆಯುಳ್ಳದ್ದು ಬೆರಳು. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯಿಂದ ಸಣ್ಣ ಯಂತ್ರವೊಂದರ ಮೇಲೆ ಬೆರಳೊತ್ತಿ ಹಣ ತೆಗೆಯಬಹುದು. ಹಳ್ಳಿಯ ವೃದ್ಧರಿಗೆ ಇದು ನಿಜವಾಗಿಯೂ ಉಪಕಾರವೇ. ಆದರೆ ಕೆವೈಸಿ ಮಾಡಬೇಕೆಂದು ಮನೆಬಾಗಿಲಿಗೆ ಬರುವ ಅಪರಿಚಿತನ ಯಂತ್ರವು ಪಡಿತರದ್ದೋ ಹಣದ್ದೋ ಎಂದು ನೋಡಿದೊಡನೆ ತಿಳಿಯದು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ಕದ್ದು ಖಾತೆಗಳನ್ನು ಬರಿದು ಮಾಡಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಬೆಳಕಿಗೆ ಬಂದವು. ಅದೇ ವರ್ಷದ ಜುಲೈಯಿಂದ ಸರ್ಕಾರವು ಐದು ಕಿಲೋ ಅಕ್ಕಿಯ ಬದಲಾಗಿ ತಲೆಗೆ 170 ರೂಪಾಯಿಯನ್ನು ಯಜಮಾನಿಯರ ಖಾತೆಗೆ ಹಾಕತೊಡಗಿತು. 2025ರ ಫೆಬ್ರವರಿಯಲ್ಲಿ ಹಣವನ್ನು ನಿಲ್ಲಿಸಿ ಮತ್ತೆ ಅಕ್ಕಿಯನ್ನೇ ಕೊಡಲು ನಿರ್ಧರಿಸಿತು. ನಿಯಮ ಹೀಗೆ ಬದಲಾದಾಗಲೆಲ್ಲ ಜನರಿಗೆ ಗೊಂದಲ, ವಂಚಕರಿಗೆ ಸುಗ್ಗಿ. ನಿಮ್ಮ ಚೀಟಿ ರದ್ದಾಗಿದೆ, ಬಾಕಿ ಹಣ ಬರಬೇಕಾಗಿದೆ, ಫೋನಿಗೆ ಬಂದ ಸಂಖ್ಯೆಯನ್ನು ಹೇಳಿ ಎಂದು ಕರೆ ಬಂದರೆ ಯಾರಿಗೆ ತಾನೆ ಆತಂಕವಾಗದು?

ಇಲ್ಲಿ ಒಂದು ಸೂಕ್ಷ್ಮವಿದೆ. ಕೊಳ್ಳೇಗಾಲದಲ್ಲಿ ರೇಷ್ಮೆ ಬಿಚ್ಚುವವರ, ಕರಿಕಲ್ಲಿನ ಗಣಿಗಳಲ್ಲಿ ದುಡಿಯುವವರ ಬೆರಳಗೆರೆಗಳು ಸವೆದು ಯಂತ್ರವು ಅವರನ್ನು ಗುರುತಿಸದಿರುವುದುಂಟು. ಅಂಥವರಿಗೆ ಫೋನಿಗೆ ಬರುವ ಸಂಖ್ಯೆಯೇ ಆಸರೆ. ನ್ಯಾಯಬೆಲೆ ಅಂಗಡಿಯಲ್ಲಿ, ತಕ್ಕಡಿಯ ಮುಂದೆ ನಿಂತಿರುವಾಗ ಹೇಳುವ ಸಂಖ್ಯೆ ಬೇರೆ; ಮನೆಯಲ್ಲಿ ಕುಳಿತಿರುವಾಗ ಕಾಣದವನು ಕೇಳುವ ಸಂಖ್ಯೆ ಬೇರೆ. ಎರಡನೆಯದನ್ನು ಎಂದಿಗೂ ಹೇಳಕೂಡದು. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕಿಸುವ ಅನುಕೂಲವೂ ಇದೆ. ಆದರೆ ಬೀಗ ಹಾಕಿದ ಬೆರಳನ್ನು ಪಡಿತರದ ಯಂತ್ರವೂ ಒಪ್ಪದಾದ್ದರಿಂದ ಅಕ್ಕಿ ತರುವ ದಿನ ಅದನ್ನು ತೆರೆಯಬೇಕಾಗುತ್ತದೆ.

ಅಂಗಡಿಯಲ್ಲಾದರೋ ಅಕ್ಕಿ ತೂಗಿದ ಮೇಲೆಯೇ ಬೆರಳು ಕೊಡುವೆನೆಂದು ವಿನಯದಿಂದ ಹೇಳಬಹುದು. ಯಂತ್ರದಿಂದ ಬರುವ ರಸೀದಿಯನ್ನು ಕೇಳಿ ಪಡೆಯಬೇಕು. ಓದಲಾರದವರು ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿಕೊಳ್ಳಲಿ. ಎಲ್ಲ ಅಂಗಡಿಯವರೂ ವಂಚಕರೆಂದು ನಾವು ಹೇಳುತ್ತಿಲ್ಲ; ದಾಸ್ತಾನು ತಡವಾಗಿ ಬಂದು ಜನರ ಬೈಗುಳ ತಿನ್ನುವ ಪ್ರಾಮಾಣಿಕರನ್ನೂ ಬಲ್ಲೆವು. ಆದರೆ ಅಳತೆಯನ್ನು ಕಿರಿದಾಗಿಸಿ ತಕ್ಕಡಿಯಲ್ಲಿ ಮೋಸ ಮಾಡುವವರನ್ನು ಪ್ರವಾದಿ ಆಮೋಸನು ಖಂಡಿಸಿದ್ದು ವರ್ತಕರೆಲ್ಲರೂ ಕೆಟ್ಟವರೆಂಬ ಕಾರಣಕ್ಕಲ್ಲ. ಆ ಮೋಸ ಮೊದಲು ತಟ್ಟುವುದು ಬಡವನ ಮಡಕೆಗೆ ಎಂಬ ಕಾರಣಕ್ಕೆ.

ನಮ್ಮವರ ತಪ್ಪನ್ನೂ ಮುಚ್ಚಿಡಲಾರೆವು. ಚೀಲ ಹಿಡಿದು ಬೀದಿಗೆ ಬರುವ ವ್ಯಾಪಾರಿಗೆ ಪಡಿತರದ ಅಕ್ಕಿಯನ್ನು ಮಾರುವ ಮನೆಗಳಲ್ಲಿ ಜಪಸರ ಹಿಡಿಯುವ ಮನೆಗಳೂ ಇವೆ. ಔಷಧಿಗೆ ಹಣವಿಲ್ಲದೆ ಮಾರಿದವರನ್ನು ನಾವು ದೂಷಿಸೆವು. ಅನುಕೂಲವಿದ್ದೂ ಸುಳ್ಳು ವರಮಾನ ತೋರಿಸಿ ಚೀಟಿ ಮಾಡಿಸಿಕೊಂಡು, ಬಂದ ಅಕ್ಕಿಯನ್ನು ಮಾರುವವರ ಮಾತು ಬೇರೆ. ಅವರು ಪಾಪನಿವೇದನೆಗೆ ಹೋಗುವ ಮುನ್ನ ತಾಲ್ಲೂಕು ಕಚೇರಿಗೆ ಹೋಗಿ ಚೀಟಿಯನ್ನು ಒಪ್ಪಿಸಿ ಬರಲಿ.

ವಂಚನೆಗೊಳಗಾದವರು ನಾಚಿಕೆಯಿಂದ ಸುಮ್ಮನಿರಬಾರದು. ಪಡಿತರದ ದೂರಿಗೆ 1967, ಖಾತೆಯ ಹಣ ಹೋದರೆ 1930 ಎಂಬ ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದು. ಹಣ ಹೋದಾಗ ಒಂದೊಂದು ಗಂಟೆಯೂ ಮುಖ್ಯ. ತಡಮಾಡಿದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ. ಮಾರ್ಟಳ್ಳಿಯಂಥ ದೊಡ್ಡ ಧರ್ಮಕೇಂದ್ರದಲ್ಲಾಗಲಿ ಬೆರಳೆಣಿಕೆಯ ಕುಟುಂಬಗಳಿರುವ ನಮ್ಮ ಯಳಂದೂರಿನ ಕಡೆಯಾಗಲಿ, ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಓದು ಬಲ್ಲ ಇಬ್ಬರು ಯುವಕರು ಮೇಜೊಂದನ್ನು ಹಾಕಿ ಕುಳಿತು ರಸೀದಿಗಳನ್ನು ಓದಿ ಹೇಳಿದರೆ, ದೂರು ಬರೆದುಕೊಟ್ಟರೆ ಸಾಕು. ಕ್ರೈಸ್ತರಲ್ಲದ ನೆರೆಯವರು ಬಂದರೂ ಅವರದನ್ನೂ ಓದಬೇಕು.

ಆ ತಾಯಿಯ ದೂರನ್ನು ನಾವು ಬರೆದುಕೊಟ್ಟೆವು. ಕೆಳಗೆ ಅವರು ಹೆಬ್ಬೆಟ್ಟು ಒತ್ತುವ ಮುನ್ನ, ಬರೆದದ್ದನ್ನು ಇನ್ನೊಮ್ಮೆ ಓದಿ ಹೇಳಿ ಎಂದರು.