ಮುಚ್ಚಿಟ್ಟ ರೋಗಕ್ಕೆ ಯಂತ್ರ ಕೇಳುವವರಾರು?



ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಜನ ದನಿಯೆತ್ತಿದಾಗ ನೀವೂ ದನಿಗೂಡಿಸಿರಬಹುದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಅಸುನೀಗಿದಾಗ ಆ ಕೂಗು ಇನ್ನಷ್ಟು ಗಟ್ಟಿಯಾಯಿತು. ಅಪಘಾತಕ್ಕೆ, ಹೃದಯಾಘಾತಕ್ಕೆ ಚಿಕಿತ್ಸೆ ಬೇಕೆಂದು ನಾವು ಬೀದಿಗಿಳಿಯುತ್ತೇವೆ. ಮೂರ್ಛೆರೋಗಕ್ಕಾಗಿ ಬೀದಿಗಿಳಿದವರನ್ನು ನಾನಂತೂ ಕಂಡಿಲ್ಲ. ಆ ರೋಗ ತಮ್ಮ ಮನೆಯಲ್ಲಿದೆಯೆಂದು ಒಪ್ಪಿಕೊಳ್ಳುವವರೇ ಇಲ್ಲದಿರುವಾಗ ಕೇಳುವವರು ಎಲ್ಲಿಂದ ಬರಬೇಕು?

ಹಾಗಾದರೆ ರೋಗಿಗಳೇ ಇಲ್ಲವೇ? ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ಮನೆಮನೆಗೆ ತೆರಳಿ ನಡೆಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಸಾವಿರ ಜನರಲ್ಲಿ ಸುಮಾರು 9 ಮಂದಿಗೆ ಈ ರೋಗವಿತ್ತು; ಹಳ್ಳಿಗಳಲ್ಲಿ ನಗರದ ಎರಡು ಪಟ್ಟು. ಆ ಲೆಕ್ಕ ನಮ್ಮ ಕರಾವಳಿಗೂ ಹೊಂದುವುದಾದರೆ, ಸಾವಿರ ಜನರ ಧರ್ಮಕೇಂದ್ರದಲ್ಲಿ ಎಂಟೊಂಬತ್ತು ಮಂದಿಯಾದರೂ ಇರಬೇಕು. ಅವರು ಯಾರೆಂದು ನಿಮಗೆ ಗೊತ್ತಿಲ್ಲ. ಗೊತ್ತಾಗದಂತೆ ಮನೆಯವರು ನೋಡಿಕೊಂಡಿದ್ದಾರೆ.

ಮೆದುಳಿನ ನರಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳಿಂದ ಪರಸ್ಪರ ವ್ಯವಹರಿಸುತ್ತವೆ. ಅಸಂಖ್ಯ ಕೋಶಗಳು ಒಮ್ಮೆಲೇ ಮಿತಿಮೀರಿ ಮಿಡಿದಾಗ ಮೂರ್ಛೆ ಬರುತ್ತದೆ. ಮನುಷ್ಯನ ಮೆದುಳಿನ ಈ ವಿದ್ಯುತ್ತನ್ನು ನೆತ್ತಿಯ ಮೇಲಿಂದಲೇ ದಾಖಲಿಸಬಹುದೆಂದು ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಕಂಡುಕೊಂಡರು. ಅದೇ ಇಂದಿನ ಇ.ಇ.ಜಿ. ತಲೆಗೆ ಪುಟ್ಟ ಬಿಲ್ಲೆಗಳನ್ನು ಅಂಟಿಸಿ ಅರ್ಧ ಗಂಟೆಯಷ್ಟು ಹೊತ್ತು ಅಲೆಗಳನ್ನು ಬರೆದುಕೊಳ್ಳುತ್ತಾರೆ. 'ಮಗುವಿನ ತಲೆಗೆ ಕರೆಂಟ್ ಕೊಡುತ್ತಾರೆ' ಎಂದು ಹೆದರುವವರು ಇಂದಿಗೂ ಇದ್ದಾರೆ. ಯಂತ್ರ ಏನನ್ನೂ ಕೊಡುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಅದು ಅಳೆಯುವ ವಿದ್ಯುತ್ತು ಟಾರ್ಚಿನ ಒಂದು ಸೆಲ್ಲಿನ ವೋಲ್ಟೇಜಿನ ಹತ್ತಾರು ಸಾವಿರದಲ್ಲೊಂದು ಪಾಲು. (ಮೂರ್ಛೆ ಬಂದವರ ಕೈಗೆ ತುರುಕುವ ಕಬ್ಬಿಣದ ಕೀಲಿಕೈಗೂ ಈ ವಿದ್ಯುತ್ತಿಗೂ ಯಾವ ಸಂಬಂಧವೂ ಇಲ್ಲ.)

ಈ ಪರೀಕ್ಷೆಗಾಗಿ ನಮ್ಮವರು ಸಾಮಾನ್ಯವಾಗಿ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಮಣಿಪಾಲಕ್ಕೆ ಭಟ್ಕಳದಿಂದ ಸುಮಾರು 90 ಕಿ.ಮೀ., ಕುಮಟಾದಿಂದ ಸುಮಾರು 150. ತಲೆಗೆ ಎಣ್ಣೆ ಹಚ್ಚದೆ ಬನ್ನಿ, ಹಿಂದಿನ ರಾತ್ರಿ ಮಗುವಿಗೆ ನಿದ್ದೆ ಕಡಿಮೆ ಮಾಡಿಸಿ ಎಂದು ಹಲವೊಮ್ಮೆ ಹೇಳಿ ಕಳುಹಿಸುತ್ತಾರೆ, ಏಕೆಂದರೆ ತೂಕಡಿಕೆಯಲ್ಲಿ ದೋಷ ಬೇಗ ಗೋಚರಿಸುತ್ತದೆ. ಆದರೆ ನಿದ್ರಾಭಂಗವೇ ಮೂರ್ಛೆಯನ್ನು ಕೆರಳಿಸಬಲ್ಲದು. ನಿದ್ದೆಗೆಟ್ಟ ಮಗುವನ್ನು ಮಡಿಲಲ್ಲಿ ಹೊತ್ತು ಮೂರ್ನಾಲ್ಕು ಗಂಟೆ ಬಸ್ಸಿನಲ್ಲಿ ಕೂರುವ ತಾಯಿಯ ಎದೆಬಡಿತವನ್ನು ಯಾವ ಯಂತ್ರ ದಾಖಲಿಸೀತು?

ಮಗುವೇ ಏಕೆ ಪ್ರಯಾಣಿಸಬೇಕು? ಇಂದು ಇ.ಇ.ಜಿ. ಇರುವುದು ಕಂಪ್ಯೂಟರಿನಲ್ಲಿ. ಕುಮಟಾ, ಹೊನ್ನಾವರ, ಭಟ್ಕಳದ ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ತಂತ್ರಜ್ಞರು ದಾಖಲಿಸಿದ್ದನ್ನು ದೂರದ ನರರೋಗ ತಜ್ಞರು ಕುಳಿತಲ್ಲೇ ಓದಬಲ್ಲರು. ಇದಕ್ಕೆ ಎಂ.ಆರ್.ಐ. ಯಂತ್ರದಷ್ಟು ಹಣವೂ ಬೇಡ, ಹೊಸ ಕಟ್ಟಡವೂ ಬೇಡ. ಅಧಿಕಾರಿಗಳು ಕೇಳುವ ಪ್ರಶ್ನೆ ಒಂದೇ: 'ರೋಗಿಗಳೆಲ್ಲಿ?' ನಮ್ಮ ಮೌನ ಅವರಿಗೆ ಉತ್ತರವನ್ನು ಬರೆದುಕೊಟ್ಟಿದೆ.

ಯಂತ್ರವೇ ಸರ್ವಸ್ವವಲ್ಲ ಎನ್ನುವವರಿದ್ದಾರೆ. ನಿಜ. ಮೊದಲ ದಾಖಲೆಯಲ್ಲಿ ದೋಷ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಕಣ್ಣಾರೆ ಕಂಡವರ ಮಾತೇ ವೈದ್ಯರಿಗೆ ಮೊದಲ ಆಧಾರ. ಮಾರ್ಕನ ಶುಭಸಂದೇಶದಲ್ಲಿ ಸೆಳೆತಕ್ಕೊಳಗಾದ ಬಾಲಕನನ್ನು ತಂದಾಗ, ಇದು ಎಂದಿನಿಂದ ಬಂತೆಂದು ಯೇಸುಸ್ವಾಮಿ ತಂದೆಯನ್ನು ಕೇಳುತ್ತಾರೆ; ತಂದೆ ಜನಸಮೂಹದ ಎದುರಿನಲ್ಲೇ ಎಲ್ಲವನ್ನೂ ಹೇಳುತ್ತಾನೆ. ನಾವಾದರೋ ವೈದ್ಯರ ಮುಂದೆಯೂ 'ಒಂದೇ ಸಲ ತಲೆ ತಿರುಗಿತ್ತು' ಎನ್ನುತ್ತೇವೆ.

ಈ ಸುಳ್ಳಿನ ಮೂಲ ಮದುವೆಯ ಚಿಂತೆ. ಹಿಂದೂ ವಿವಾಹ ಕಾಯಿದೆ, ವಿಶೇಷ ವಿವಾಹ ಕಾಯಿದೆಗಳಲ್ಲಿ ಮದುವೆಗೆ ಅಡ್ಡಿಯಾಗಿದ್ದ ಅಪಸ್ಮಾರವನ್ನು ಸಂಸತ್ತು 1999ರಲ್ಲೇ ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟದ್ದನ್ನು ನಾವು ಹಿಡಿದು ಕುಳಿತಿದ್ದೇವೆ. ಮಾತು ಮುಚ್ಚಿಟ್ಟು ಮದುವೆಯಾದ ಹೆಣ್ಣುಮಗಳು ಗಂಡನ ಮನೆಯಲ್ಲಿ ಮಾತ್ರೆ ನುಂಗಲು ಅಂಜುತ್ತಾಳೆ. ಮಾತ್ರೆ ನಿಂತರೆ ಮೂರ್ಛೆ ಮರಳುತ್ತದೆ, ಬಾವಿಕಟ್ಟೆಯ ಬಳಿಯೋ ಒಲೆಯ ಮುಂದೆಯೋ. ಸರಿಯಾದ ಔಷಧಿ ದೊರೆತರೆ ನೂರರಲ್ಲಿ 70 ಮಂದಿ ಮೂರ್ಛೆಯಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಸ್ಪತ್ರೆಗಾಗಿ ಮನವಿಪತ್ರ ಮತ್ತೆ ನಿಮ್ಮ ಮನೆ ಬಾಗಿಲಿಗೆ ಬಂದಾಗ ಅದರಲ್ಲಿ ಇ.ಇ.ಜಿ. ಎಂಬ ಮೂರಕ್ಷರವಿದೆಯೇ ನೋಡಿರಿ. ಇಲ್ಲವಾದರೆ ನೀವೇ ಸೇರಿಸಿ, ಕೆಳಗೆ ಹೆಸರು ಬರೆಯಿರಿ. 'ನಮ್ಮ ಮನೆಯಲ್ಲಿಯೂ ಒಬ್ಬರಿದ್ದಾರೆ' ಎಂದು ಬರೆಯುವ ಧೈರ್ಯವಿದ್ದರೆ ಅದನ್ನೂ ಬರೆಯಿರಿ.